ಹಾಕಿದ ಎಸ್‌ಎಸ್‌ಡಿ ಕಾಣಿಸ್ತಿಲ್ವಾ? ಅದಿನ್ನೂ ಅಳತೆ ಆಗದ ಜಮೀನು

ಮಳೆಗಾಲ ಮುಗಿಯುವ ಹೊತ್ತಿಗೆ ತೀರ್ಥಹಳ್ಳಿಯಿಂದ ಭಾವ ಫೋನ್ ಮಾಡಿದರು. "ಮಗಳ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿದೆ ಮಾರಾಯ, ಡ್ರೈವೇ ಕಾಣ್ತಿಲ್ಲ. ಹಾಳು ಮಾಲು ಬಂದಿದೆ. ನಾಳೆ ಶಿವಮೊಗ್ಗಕ್ಕೆ ಹೋಗಿ ವಾಪಸ್ ಕೊಟ್ಟು ಬರ್ತೀನಿ" ಅಂದರು.

"ಹಾಳಾಗಿಲ್ಲ ಭಾವ, ಅದರ ಅಳತೆ ಇನ್ನೂ ಆಗಿಲ್ಲ ಅಷ್ಟೇ" ಅಂದೆ. ಅವರಿಗೆ ಅರ್ಥವಾಗಲಿಲ್ಲ. ಜಮೀನಿನ ಮಾತು ತೆಗೆದ ಮೇಲೆ ಎರಡೇ ನಿಮಿಷದಲ್ಲಿ ಅರ್ಥವಾಯಿತು.

ಈ ಗೊಂದಲ ಅವರೊಬ್ಬರದಲ್ಲ. ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನಂತೆ ಕಡತಗಳನ್ನು ಇಡುವ, ಅದಕ್ಕಿಂತ ವೇಗದ ಡ್ರೈವ್) ಕೂರಿಸುವುದು ಹೆಚ್ಚೆಂದರೆ ಅರ್ಧ ಗಂಟೆಯ ಕೆಲಸ. ಜನ ಸಿಕ್ಕಿಹಾಕಿಕೊಳ್ಳುವುದು ಅದಾದ ಮೇಲೆ, ಕಡತ ಇಡಲು ಡ್ರೈವನ್ನು ಸಿದ್ಧ ಮಾಡುವ ಫಾರ್ಮ್ಯಾಟ್ ಅನ್ನುವ ಹೆಜ್ಜೆಯಲ್ಲಿ. ಹಾಗಾಗಿ ಸ್ಕ್ರೂಗಿಂತ ಜಾಸ್ತಿ ಅದನ್ನೇ ವಿವರಿಸುತ್ತೇನೆ.

ಈಗ ಯಾಕೆ ಈ ಮಾತು

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತು. ಲ್ಯಾಪ್‌ಟಾಪ್ ನಿಂತುಹೋಗಲಿಲ್ಲ. ಆದರೆ ಭದ್ರತೆಯ ತೇಪೆಗಳು, ಅಂದರೆ ಹೊಸ ವೈರಸ್ಸಿಗೆ ಬಾಗಿಲು ಮುಚ್ಚುವ ಅಪ್‌ಡೇಟ್‌ಗಳು, ಮಾಮೂಲಿನಂತೆ ಬರುವುದು ನಿಂತಿತು. ಆಗಿನಿಂದ ಮನೆಮನೆಯಲ್ಲೂ ಒಂದೇ ಪ್ರಶ್ನೆ: ಹಳೇ ಲ್ಯಾಪ್‌ಟಾಪ್ ಬಿಸಾಕಬೇಕಾ?

ನಮ್ಮ ಕಡೆ ಬಹಳ ಮನೆಗಳಿಗೆ ಮೊದಲ ಲ್ಯಾಪ್‌ಟಾಪ್ ಬಂದದ್ದು 2020ರ ಲಾಕ್‌ಡೌನ್ ಹೊತ್ತಿನಲ್ಲಿ. ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿ ಪಾಠ ಕೇಳಿದ ಕಾಲ ಅದು. ಭಾವನ ಮಗಳಿಗೆ ಏಳನೇ ತರಗತಿಯಲ್ಲಿ ತಂದ ಲ್ಯಾಪ್‌ಟಾಪ್ ಈಗ ಪಿಯುಸಿಗೂ ಬೇಕು. ಆನ್ ಮಾಡಿ ಕಾಫಿ ಕುಡಿದು ಬಂದರೂ ಪೂರ್ತಿ ತೆರೆದುಕೊಂಡಿರುವುದಿಲ್ಲ. ಆ ವರ್ಷದ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ 11 ನಡೆಯುತ್ತದೆ. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದರ ನಂತರದ್ದು ಬೇಕು. ನಿಮ್ಮದು ಯಾವುದು ಎಂದು ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ಅನ್ನುವ ಉಚಿತ ಆಪ್ ಹೇಳುತ್ತದೆ. ಹೀಗೆ ಯೋಗ್ಯತೆ ಇದ್ದೂ ತೆವಳುವ ಲ್ಯಾಪ್‌ಟಾಪಿನಲ್ಲಿ ಹೆಚ್ಚಿನ ಸಲ ಅಡ್ಡಗಾಲು ಹಾಕಿರುವುದು ಹಾರ್ಡ್ ಡಿಸ್ಕ್. ರ‍್ಯಾಮ್ (ಕೆಲಸ ನಡೆಯುವಾಗ ಬಳಸುವ ತಾತ್ಕಾಲಿಕ ನೆನಪು) ಬರೀ 4 ಜಿಬಿ ಇದ್ದರೆ ಅದನ್ನೂ 8ಕ್ಕೆ ಏರಿಸುವುದು ಒಳ್ಳೆಯದು. ಎಸ್‌ಎಸ್‌ಡಿ ಒಂದೇ ಎಲ್ಲವನ್ನೂ ಸರಿ ಮಾಡುವುದಿಲ್ಲ.

ಹಾರ್ಡ್ ಡಿಸ್ಕ್ ಯಾಕೆ ನಿಧಾನ

ಹಾರ್ಡ್ ಡಿಸ್ಕ್ ಒಳಗೆ ತಿರುಗುವ ತಟ್ಟೆ ಇರುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು. ಅದರ ಮೇಲೆ ಒಂದು ಸಣ್ಣ ಕೈ ಓಡಾಡುತ್ತಾ ಓದುತ್ತದೆ. ಇಷ್ಟು ವೇಗವಾಗಿ ತಿರುಗಿದರೂ ಯಾಕೆ ನಿಧಾನ?

ಅಡಿಕೆ ತೋಟದಲ್ಲಿ ಮರ ಹತ್ತಿ ಗೊನೆ ಕೊಯ್ಯುವ ಕೊನೆಗಾರನನ್ನು ನೆನಪಿಸಿಕೊಳ್ಳಿ. ಹತ್ತಿದ ಮರದಲ್ಲೇ ನಾಲ್ಕು ಗೊನೆ ಸಿಕ್ಕರೆ ಕೆಲಸ ಸರಸರ ಸಾಗುತ್ತದೆ. ತೋಟದ ಆ ತುದಿಯಲ್ಲೊಂದು, ಈ ತುದಿಯಲ್ಲೊಂದು ಗೊನೆ ಹಣ್ಣಾಗಿದ್ದರೆ ಅವನ ಹೊತ್ತೆಲ್ಲ ಹತ್ತುವುದರಲ್ಲೇ ಹೋಗುತ್ತದೆ. ಹಾರ್ಡ್ ಡಿಸ್ಕಿಗೆ ಇರುವುದು ಒಬ್ಬನೇ ಕೊನೆಗಾರ. ಒಂದು ದೊಡ್ಡ ಸಿನಿಮಾ ಕಡತವನ್ನು ಅದು ಸಲೀಸಾಗಿ ಓದುತ್ತದೆ. ವಿಂಡೋಸ್ ಶುರುವಾಗುವಾಗ ಬೇಕಾಗುವುದು ಅಲ್ಲಲ್ಲಿ ಚದುರಿದ ಸಾವಿರಾರು ಸಣ್ಣ ಕಡತಗಳು. ಪ್ರತಿಯೊಂದಕ್ಕೂ ಕೈ ಸರಿಯಬೇಕು, ತಟ್ಟೆ ಸರಿಯಾದ ಜಾಗಕ್ಕೆ ತಿರುಗಿ ಬರಬೇಕು. ಹೀಗೆ ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಸಣ್ಣ ತುಂಡು ಸಿಕ್ಕರೆ ದೊಡ್ಡದು. ಎಸ್‌ಎಸ್‌ಡಿಯಲ್ಲಿ ಸಾವಿರಗಟ್ಟಲೆ ಸಿಗುತ್ತವೆ.

ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ಪೆನ್‌ಡ್ರೈವ್ ಮತ್ತು ಫೋನಿನಲ್ಲಿರುವ ಫ್ಲ್ಯಾಶ್ ಚಿಪ್ಪಿನ ಜಾತಿಯೇ ಇದು. ಈ ಬಗೆಯ ಚಿಪ್ಪನ್ನು 1980ರ ದಶಕದಲ್ಲಿ ರೂಪಿಸಿದವರು ಜಪಾನಿನ ತೋಶಿಬಾ ಕಂಪನಿಯಲ್ಲಿದ್ದ ಫುಜಿಯೋ ಮಸುವೊಕಾ. ಒಳಗೆ ಕೋಟಿಗಟ್ಟಲೆ ಪುಟ್ಟ ಕೋಶಗಳು. ಒಂದೊಂದನ್ನೂ ಮುಚ್ಚಳ ಬಿಗಿದ ಉಪ್ಪಿನಕಾಯಿ ಭರಣಿ ಅಂದುಕೊಳ್ಳಿ. ಒಳಗೆ ತುಂಬಿಡುವುದು ವಿದ್ಯುತ್ ಕಣ. ಕರೆಂಟ್ ಹೋದರೂ ಅದು ಒಳಗೇ ಉಳಿಯುತ್ತದೆ. ಭರಣಿಯ ಒಂದು ನಿಯಮ ಮನೆಯ ಹೆಂಗಸರಿಗೆಲ್ಲ ಗೊತ್ತು: ಹಳೇ ಅಪ್ಪೆಮಿಡಿ ಖಾಲಿ ಮಾಡಿ, ತೊಳೆದ ಮೇಲೆಯೇ ಹೊಸದು ತುಂಬಬೇಕು. ಫ್ಲ್ಯಾಶ್ ಚಿಪ್ಪಿಗೂ ಅದೇ ನಿಯಮ. ಹಳೆಯದರ ಮೇಲೆ ನೇರ ಬರೆಯಲು ಬರುವುದಿಲ್ಲ, ಮೊದಲು ಅಳಿಸಬೇಕು. ಇದು ಮುಂದೆ ಬಹಳ ಮುಖ್ಯವಾಗುತ್ತದೆ.

ಯಾವ ಎಸ್‌ಎಸ್‌ಡಿ ತರಬೇಕು

ಆಕಾರ ಎರಡು. ಒಂದು ಹಳೇ ಹಾರ್ಡ್ ಡಿಸ್ಕಿನ ಅಳತೆಯದೇ, ಎರಡೂವರೆ ಇಂಚಿನ ಚಪ್ಪಟೆ ಪೆಟ್ಟಿಗೆ. ಹಾರ್ಡ್ ಡಿಸ್ಕ್ ತೆಗೆದು ಅದೇ ಜಾಗದಲ್ಲಿ ಇದನ್ನು ಕೂರಿಸಬಹುದು. ಇನ್ನೊಂದು ಚ್ಯೂಯಿಂಗ್ ಗಮ್ ಪಟ್ಟಿಯಂಥ ಎಂ.2. ಇದರ ಮೇಲೆ 2280 ಎಂದಿದ್ದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ ಎಂದು ಅರ್ಥ. 2242, 2230 ಎಂಬ ಗಿಡ್ಡ ಪಟ್ಟಿಗಳೂ ಇವೆ.

ಎಡವುವುದು ಎಂ.2ರಲ್ಲಿ. ನೋಡಲು ಒಂದೇ ಥರ ಇದ್ದರೂ ಮಾತಾಡುವ ಭಾಷೆ ಎರಡು: ಸಾಟಾ ಮತ್ತು ಎನ್‌ವಿಎಂಇ. ಸಾಟಾ ಸೆಕೆಂಡಿಗೆ ಸುಮಾರು 550 ಎಂಬಿವರೆಗೆ ಹೋಗುತ್ತದೆ. ಎನ್‌ವಿಎಂಇ, ಮೂರನೇ ತಲೆಮಾರಿನದ್ದಾದರೂ, 3,500ರ ಹತ್ತಿರ ಹೋಗಬಲ್ಲದು. ಕೆಲವು ಲ್ಯಾಪ್‌ಟಾಪಿನ ಗೂಡು ಒಂದನ್ನು ಮಾತ್ರ ಒಪ್ಪುತ್ತದೆ. ಪಟ್ಟಿಯ ತುದಿಯಲ್ಲಿ ಒಂದೇ ಕಚ್ಚು ಇದ್ದರೆ ಸಾಮಾನ್ಯವಾಗಿ ಎನ್‌ವಿಎಂಇ, ಎರಡು ಕಚ್ಚು ಇದ್ದರೆ ಸಾಮಾನ್ಯವಾಗಿ ಸಾಟಾ. ಸಾಮಾನ್ಯವಾಗಿ ಅಂದೆ, ಯಾವಾಗಲೂ ಅಲ್ಲ. ಡಬ್ಬಿಯ ಮೇಲೆ ಬರೆದದ್ದನ್ನು ಓದಿಯೇ ತನ್ನಿ.

ನನ್ನ ಸಲಹೆ: ಮೊದಲು ಲ್ಯಾಪ್‌ಟಾಪಿನ ಬೆನ್ನ ಮೇಲಿರುವ ಮಾಡೆಲ್ ಸಂಖ್ಯೆ ಬರೆದುಕೊಳ್ಳಿ. ಕಂಪನಿಯ ಜಾಲತಾಣದಲ್ಲಿ ಅದರ ಮ್ಯಾನ್ಯುಯಲ್ ತೆರೆದು ಯಾವ ಗೂಡು, ಎಷ್ಟು ಉದ್ದ ಎಂದು ನೋಡಿಕೊಳ್ಳಿ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮನೆ ಇದ್ದವರಿಗೆ ಅಂಗಡಿಗೆ ಇನ್ನೊಂದು ಸಲ ಹೋಗುವುದು ಕಷ್ಟವಲ್ಲ. ಸಾಗರದಿಂದಲೋ ಹೊಸನಗರದಿಂದಲೋ ಬಸ್ ಹತ್ತಿ ಬಂದವರು ಮನೆಗೆ ಹೋಗಿ ನೋಡಿದಾಗ ಪಟ್ಟಿ ಕೂರದಿದ್ದರೆ ಒಂದು ದಿನ ಹಾಳು. ಎಂ.2 ಬಿಗಿಯುವ ಪುಟ್ಟ ಸ್ಕ್ರೂ ಬಹಳ ಸಲ ಡಬ್ಬಿಯಲ್ಲಿ ಇರುವುದಿಲ್ಲ. ಅಂಗಡಿಯಲ್ಲೇ ಕೇಳಿ ಇಸಿದುಕೊಳ್ಳಿ.

2020ರ ಸುಮಾರಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ 1 ಟಿಬಿ ಹಾರ್ಡ್ ಡಿಸ್ಕ್ ಜೊತೆ ಒಂದು ಎಂ.2 ಗೂಡು ಖಾಲಿ ಇರುತ್ತದೆ. ಭಾವನದ್ದೂ ಹಾಗೇ. ಹಳೆಯದನ್ನು ತೆಗೆಯದೆ ಹೊಸದನ್ನು ಸೇರಿಸಬಹುದು.

ಬಿಚ್ಚುವ ಮೊದಲು

ಫೋಟೋ, ದಾಖಲೆ, ಲೆಕ್ಕದ ಕಡತಗಳನ್ನು ಬೇರೆ ಕಡೆ ನಕಲು ಮಾಡಿಡಿ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಪತ್ರಗಳಿದ್ದರೆ ಆ ತಂತ್ರಾಂಶವನ್ನೂ ಇಟ್ಟುಕೊಳ್ಳಿ. ಹೊಸ ವಿಂಡೋಸ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ಪತ್ರ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಕಡತ ಹಾಳಾಯಿತು ಎಂದು ಗಾಬರಿ ಬೀಳುವವರು ಬಹಳ. ಫಾಂಟ್ ಹಾಕಿದರೆ ಅಕ್ಷರ ವಾಪಸ್ ಬರುತ್ತದೆ.

ಹಳೇ ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸ್‌ನ ಬೀಗ ಬಿದ್ದಿದೆಯಾ ನೋಡಿ. ಅದರ 48 ಅಂಕಿಯ ಕೀಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರಬಹುದು. ಅದನ್ನು ಕಾಗದದ ಮೇಲೆ ಬರೆದಿಡಿ. ಕೀಲಿ ಇಲ್ಲದೆ ಆ ಡಿಸ್ಕನ್ನು ಬೇರೆ ಕಡೆ ಹಚ್ಚಿದರೆ ತೆರೆಯುವುದಿಲ್ಲ.

ಕಡೆಯದಾಗಿ, 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವಿಗೆ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ ವಿಂಡೋಸ್ ಇಳಿಸಿಕೊಳ್ಳಿ. ಆ ಪೆನ್‌ಡ್ರೈವ್ ಪೂರ್ತಿ ಅಳಿಸಿಹೋಗುತ್ತದೆ, ನೆನಪಿರಲಿ. ವಿಂಡೋಸ್ ಸಮೇತ ಬಂದ ಲ್ಯಾಪ್‌ಟಾಪಿಗೆ ಮತ್ತೆ ಲೈಸೆನ್ಸ್ ಕೊಳ್ಳಬೇಕಿಲ್ಲ. ಅದು ಡಿಸ್ಕಿಗಲ್ಲ, ಮದರ್‌ಬೋರ್ಡಿಗೆ, ಅಂದರೆ ಒಳಗಿನ ಮುಖ್ಯ ಫಲಕಕ್ಕೆ ಸೇರಿದ್ದು.

ಕೂರಿಸುವುದು

ವಿಂಡೋಸ್‌ನಲ್ಲಿ ಶಟ್ ಡೌನ್ ಒತ್ತಿದರೂ ಅದು ಅರೆನಿದ್ದೆಗೆ ಹೋಗಿರಬಹುದು. ಶಿಫ್ಟ್ ಕೀ ಹಿಡಿದುಕೊಂಡು ಶಟ್ ಡೌನ್ ಒತ್ತಿದರೆ ಪೂರ್ತಿ ನಿಲ್ಲುತ್ತದೆ. ಚಾರ್ಜರ್ ಕಿತ್ತಿಡಿ.

ಬೆನ್ನಿನ ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ. ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು, ತೆಗೆದ ಸ್ಕ್ರೂವನ್ನು ಅದೇ ಜಾಗದಲ್ಲಿ ಇಡುತ್ತಾ ಹೋಗಿ. ಉದ್ದದ ಸ್ಕ್ರೂವನ್ನು ಗಿಡ್ಡದ ಜಾಗಕ್ಕೆ ಬಿಗಿದರೆ ಒಳಗಿನದ್ದೇನಾದರೂ ತೂತಾಗಬಹುದು. ಕೆಲವು ಸ್ಕ್ರೂ ರಬ್ಬರ್ ಕಾಲಿನ ಅಡಿಯಲ್ಲಿ ಅಡಗಿರುತ್ತವೆ. ಮುಚ್ಚಳ ಬರುತ್ತಿಲ್ಲ ಎಂದು ಮೀಟುವ ಮೊದಲು ಅಲ್ಲೂ ನೋಡಿ. ಮುಚ್ಚಳ ಬಿಟ್ಟ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಿ.

ಚಳಿಗಾಲದಲ್ಲಿ ಕಂಬಳಿಯೋ ಸ್ವೆಟರೋ ತೆಗೆಯುವಾಗ ಚಟಚಟ ಅನ್ನುತ್ತದಲ್ವಾ? ಅದೇ ಸ್ಟ್ಯಾಟಿಕ್. ನಮಗೆ ಗೊತ್ತೇ ಆಗದಷ್ಟು ಸಣ್ಣದಾದರೂ ಚಿಪ್ಪನ್ನು ಸುಡಬಲ್ಲದು. ಆಗುಂಬೆ ಕಡೆಯ ಜಡಿಮಳೆಯ ದಿನಗಳಲ್ಲಿ ಗಾಳಿಯೇ ತೇವ, ಇದರ ಕಾಟ ಕಡಿಮೆ. ಜನವರಿಯ ಒಣಗಾಳಿಯಲ್ಲಿ ಜಾಸ್ತಿ. ಹಾಸಿಗೆಯ ಮೇಲೆ ಬೇಡ, ಮರದ ಮೇಜಿನ ಮೇಲೆ ಕೆಲಸ ಮಾಡಿ. ಆಗಾಗ ಕಿಟಕಿಯ ಕಬ್ಬಿಣದ ಸರಳನ್ನೋ ನಲ್ಲಿಯನ್ನೋ ಮುಟ್ಟಿ. ಕೈ ಒದ್ದೆ ಇರಬಾರದು.

ಎಂ.2 ಪಟ್ಟಿಯನ್ನು ಗೂಡಿಗೆ ಸುಮಾರು 30 ಡಿಗ್ರಿ ಓರೆಯಾಗಿ ತೂರಿಸಿ. ಚಿನ್ನದ ಬಣ್ಣದ ಹಲ್ಲುಗಳು ಹೆಚ್ಚುಕಡಿಮೆ ಒಳಗೆ ಮರೆಯಾದ ಮೇಲೆ ಮೆಲ್ಲಗೆ ಕೆಳಗೆ ಒತ್ತಿ, ಸ್ಕ್ರೂ ಬಿಗಿಯಿರಿ. ಕಚ್ಚು ಸರಿ ಕೂತರೆ ಬಲ ಬೇಕಾಗುವುದಿಲ್ಲ. ಬಲ ಬೇಕಾಗುತ್ತಿದೆ ಅಂದರೆ ಏನೋ ತಪ್ಪಿದೆ. ಮೇಲಿನ ಸ್ಟಿಕ್ಕರ್ ಕೀಳಬೇಡಿ, ವಾರಂಟಿ ಹೋಗಬಹುದು.

ಅಳತೆ, ಪೋಡಿ, ಲೆಕ್ಕದ ಪುಸ್ತಕ

ಬ್ಯಾಟರಿಯ ಕನೆಕ್ಟರ್ ಮತ್ತೆ ಹಚ್ಚಿ, ಮುಚ್ಚಳ ಹಾಕಿ. ಹಳೇ ಡಿಸ್ಕ್ ಒಳಗೇ ಉಳಿದಿದ್ದರೆ, ಈಗ ಲ್ಯಾಪ್‌ಟಾಪ್ ಆನ್ ಮಾಡಿ ಡ್ರೈವ್‌ಗಳ ಪಟ್ಟಿ ಇರುವ ದಿಸ್ ಪಿಸಿ ತೆರೆದರೆ ಹೊಸ ಡ್ರೈವ್ ಇರುವುದಿಲ್ಲ. ಭಾವ ಫೋನ್ ಮಾಡಿದ್ದು ಇಲ್ಲಿಂದಲೇ.

ದಿಸ್ ಪಿಸಿ ತೋರಿಸುವುದು ದಾಖಲೆ ಆದ ಜಾಗವನ್ನು ಮಾತ್ರ. ಊರ ಹೊರಗೆ ಹತ್ತು ಎಕರೆ ಭೂಮಿ ಕಣ್ಣೆದುರೇ ಇರಬಹುದು. ಅಳತೆ ಆಗದೆ, ಸರ್ವೆ ನಂಬರ್ ಬೀಳದೆ ಅದಕ್ಕೆ ಪಹಣಿ ಬರುತ್ತದಾ? ಭೂಮಿ ಇಲ್ಲ ಎಂದಲ್ಲ, ಪುಸ್ತಕದಲ್ಲಿ ಇಲ್ಲ. ಹೊಸ ಎಸ್‌ಎಸ್‌ಡಿಯ ಸ್ಥಿತಿ ಅದೇ.

ಅದು ನಿಜಕ್ಕೂ ಇದೆಯಾ ಎಂದು ನೋಡಲು ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಇದನ್ನು ತಾಲೂಕಿನ ಸರ್ವೆ ಕಚೇರಿ ಅಂದುಕೊಳ್ಳಿ. ಅಲ್ಲಿ ಹೊಸ ಡಿಸ್ಕ್ ಕಪ್ಪು ಪಟ್ಟಿಯಾಗಿ, ಅನ್‌ಅಲೊಕೇಟೆಡ್ (ಇನ್ನೂ ಹಂಚದ ಜಾಗ) ಎಂಬ ಹೆಸರಿನಲ್ಲಿ ಕಾಣುತ್ತದೆ. ಅಲ್ಲೂ ಇಲ್ಲ, ಬಯಾಸ್‌ನಲ್ಲೂ ಇಲ್ಲ ಎಂದಾದರೆ ಮಾತ್ರ ಕೂರಿಸಿದ್ದು ಸರಿಯಿಲ್ಲ, ಇಲ್ಲವೇ ಆ ಗೂಡಿಗೆ ಆ ಜಾತಿ ಹೊಂದುವುದಿಲ್ಲ, ಅಥವಾ ನಿಜಕ್ಕೂ ಡ್ರೈವ್ ಕೆಟ್ಟಿದೆ. ಬಯಾಸ್ ಅಂದರೆ ವಿಂಡೋಸ್‌ಗೂ ಮೊದಲು ಏಳುವ ಒಳಗಿನ ತಂತ್ರಾಂಶ. ಆನ್ ಮಾಡಿದ ತಕ್ಷಣ ಎಫ್2, ಎಸ್ಕೇಪ್ ಅಥವಾ ಡಿಲೀಟ್ ಕೀ ಒತ್ತಿದರೆ ಹೆಚ್ಚಿನವುಗಳಲ್ಲಿ ತೆರೆಯುತ್ತದೆ.

ಮೊದಲ ಹೆಜ್ಜೆ ಇನಿಶಿಯಲೈಜ್. ಜಾಗದ ದಾಖಲೆ ಬರೆಯಲು ಒಂದು ರಿಜಿಸ್ಟರ್ ತೆರೆಯುವ ಕೆಲಸ ಇದು. ಎರಡು ಬಗೆಯ ರಿಜಿಸ್ಟರ್ ಕೇಳುತ್ತದೆ: ಎಂಬಿಆರ್ ಮತ್ತು ಜಿಪಿಟಿ. ಎಂಬಿಆರ್ ಹಳೆಯ ಪದ್ಧತಿ. 2 ಟಿಬಿಗಿಂತ ಆಚೆಗಿನ ಜಾಗ ಅದರ ಲೆಕ್ಕಕ್ಕೆ ಸಿಗುವುದಿಲ್ಲ, ಮುಖ್ಯ ತುಂಡುಗಳೂ ನಾಲ್ಕೇ. ಜಿಪಿಟಿಯಲ್ಲಿ ವಿಂಡೋಸ್ 128 ತುಂಡುಗಳವರೆಗೆ ಬಿಡುತ್ತದೆ. ದಾಖಲೆಯ ಒಂದು ನಕಲು ಡಿಸ್ಕಿನ ಕೊನೆಯಲ್ಲೂ ಇರುತ್ತದೆ, ಮುಂದಿನದು ಕೆಟ್ಟರೆ ಹಿಂದಿನದು ಉಂಟು. ಜಿಪಿಟಿಯನ್ನೇ ಆರಿಸಿ.

ಎರಡನೆಯದು ಪಾರ್ಟಿಶನ್. ನಮ್ಮ ಮಾತಿನಲ್ಲಿ ಪೋಡಿ. ಒಂದೇ ಸರ್ವೆ ನಂಬರನ್ನು ಅಣ್ಣತಮ್ಮಂದಿರ ಹೆಸರಿಗೆ ತುಂಡು ಮಾಡಿದ ಹಾಗೆ, ಒಂದು ಡಿಸ್ಕನ್ನು ಸಿ, ಡಿ ಎಂದು ಪಾಲು ಮಾಡಬಹುದು. ಮಾಡಲೇಬೇಕೆಂದಿಲ್ಲ. 500 ಜಿಬಿಯ ಎಸ್‌ಎಸ್‌ಡಿಯನ್ನು ಮೂರು ಪಾಲು ಮಾಡಿ, ಸಿ ತುಂಬಿಹೋಗಿ ಒದ್ದಾಡುವವರನ್ನು ನೋಡಿದ್ದೇನೆ. ಇಡಿಯಾಗಿ ಇಡುವುದೇ ನನಗೆ ಸರಿ ಕಾಣುತ್ತದೆ. ಒಂದೇ ಡಿಸ್ಕಿನ ಡಿ ಭಾಗಕ್ಕೆ ನಕಲು ಮಾಡಿದ್ದು ಬ್ಯಾಕಪ್ ಅಲ್ಲ. ಡಿಸ್ಕ್ ಕೆಟ್ಟರೆ ಎರಡೂ ಪಾಲು ಒಟ್ಟಿಗೇ ಹೋಗುತ್ತವೆ.

ಮೂರನೆಯದೇ ಫಾರ್ಮ್ಯಾಟ್. ಈ ಪಾಲಿನ ಯಾವ ಸಾಲಿನಲ್ಲಿ ಯಾವ ಕಡತ ಇದೆ ಎಂದು ಬರೆಯುವ ಖಾಲಿ ಲೆಕ್ಕದ ಪುಸ್ತಕ ಇಡುವುದು. ಅಡಿಕೆ ಮಂಡಿಯಲ್ಲಿ ಯಾವ ರೈತರ ಮೂಟೆ ಎಲ್ಲಿದೆ ಎಂಬ ಪುಸ್ತಕ ಇಲ್ಲದಿದ್ದರೆ ಮಾಲು ಇದ್ದೂ ಇಲ್ಲದ ಹಾಗೆ. ಪುಸ್ತಕ ಬರೆಯುವ ಶೈಲಿಗೆ ಫೈಲ್ ಸಿಸ್ಟಮ್ ಅನ್ನುತ್ತಾರೆ. ವಿಂಡೋಸ್‌ಗೆ ಎನ್‌ಟಿಎಫ್‌ಎಸ್. ಪೆನ್‌ಡ್ರೈವ್‌ಗಳಲ್ಲಿ ಕಾಣುವ ಫ್ಯಾಟ್32ರಲ್ಲಿ 4 ಜಿಬಿಯಷ್ಟು ದೊಡ್ಡ ಒಂದೇ ಕಡತ ಹಿಡಿಸುವುದಿಲ್ಲ.

ಡೇಟಾ ಇಡಲಿಕ್ಕೆ ಮಾತ್ರ ಎಸ್‌ಎಸ್‌ಡಿ ಹಾಕಿದ್ದರೆ ಕಪ್ಪು ಪಟ್ಟಿಯ ಮೇಲೆ ಬಲಗುಂಡಿ ಒತ್ತಿ ನ್ಯೂ ಸಿಂಪಲ್ ವಾಲ್ಯೂಮ್ ಆರಿಸಿ. ಕೇಳಿದ್ದಕ್ಕೆಲ್ಲ ಇದ್ದದ್ದನ್ನೇ ಒಪ್ಪುತ್ತಾ ಹೋಗಿ, ಎನ್‌ಟಿಎಫ್‌ಎಸ್ ಇರಲಿ, ಕ್ವಿಕ್ ಫಾರ್ಮ್ಯಾಟ್ ಗುರುತು ಇರಲಿ. ಕ್ವಿಕ್ ಅಂದರೆ ಹೊಸ ಪುಸ್ತಕ ಮಾತ್ರ ಇಡುವುದು. ಫುಲ್ ಅಂದರೆ ಮೂಲೆಮೂಲೆಗೂ ಸೊನ್ನೆ ಬರೆದು ಬರುವುದು. ಹೊಸ ಎಸ್‌ಎಸ್‌ಡಿಗೆ ಅದು ಸುಮ್ನೆ ಸವೆತ. ಬರೆದು ಅಳಿಸಿದಷ್ಟೂ ಭರಣಿಯ ಮುಚ್ಚಳ ಸಡಿಲವಾಗುತ್ತದೆ.

500 ಜಿಬಿ ತಂದು 465 ಕಂಡರೆ ಅಂಗಡಿಯವರನ್ನು ಬೈಯಬೇಡಿ. ಕೊಳಗದ ಅಳತೆ ಬೇರೆ ಅಷ್ಟೇ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1,024ರ ಲೆಕ್ಕದಲ್ಲಿ.

ತಪ್ಪು ಡಿಸ್ಕ್ ಒರೆಸಿದರೆ

ಇದನ್ನು ನಿಧಾನವಾಗಿ ಓದಿ. ಹಾರ್ಡ್ ಡಿಸ್ಕಿನಲ್ಲಿ ತಪ್ಪಿ ಕ್ವಿಕ್ ಫಾರ್ಮ್ಯಾಟ್ ಆದರೆ ಪುಸ್ತಕ ಹೋಗುತ್ತದೆ, ಮೂಟೆಗಳು ಇದ್ದಲ್ಲೇ ಇರುತ್ತವೆ. ಮೇಲೆ ಬೇರೇನೂ ಬರೆಯದಿದ್ದರೆ ತಿಳಿದವರು ಹುಡುಕಿ ತೆಗೆಯಬಲ್ಲರು. ಎಸ್‌ಎಸ್‌ಡಿಯಲ್ಲಿ ಹಾಗಲ್ಲ. ಭರಣಿ ತೊಳೆಯಲು ಹೊತ್ತು ಬೇಕು, ಆದ್ದರಿಂದ ಯಾವುದು ಬೇಡವಾಯಿತೋ ಅದನ್ನು ವಿಂಡೋಸ್ ಮೊದಲೇ ಡ್ರೈವಿಗೆ ತಿಳಿಸಿಬಿಡುತ್ತದೆ. ಇದಕ್ಕೆ ಟ್ರಿಮ್ ಎಂದು ಹೆಸರು. ಡ್ರೈವ್ ಬಿಡುವಾದಾಗ ಅವನ್ನು ತೊಳೆದಿಡುತ್ತದೆ. ಮುಂದೆ ಬರೆಯುವುದು ವೇಗವಾಗಲಿ ಎಂದೇ ಈ ಏರ್ಪಾಟು. ಆದರೆ ತೊಳೆದದ್ದು ಮತ್ತೆ ಸಿಗುವುದು ಬಹುತೇಕ ಇಲ್ಲ.

ನಮ್ಮ ಮನೆಯ ಒಂದು ಲ್ಯಾಪ್‌ಟಾಪಿನಲ್ಲಿ ಎರಡು ಎಸ್‌ಎಸ್‌ಡಿ ಇದ್ದವು. ವಿಂಡೋಸ್ ಕೊಟ್ಟ ನಂಬರ್ ನೋಡಿ, ಡಿಸ್ಕ್ 0 ಹಳೆಯದು, 1 ಹೊಸದು ಅಂದುಕೊಂಡು ನಾನು 1ನ್ನು ಒರೆಸಿದೆ. ಅಂಕಿಗೂ ವಯಸ್ಸಿಗೂ ಸಂಬಂಧ ಇರಲಿಲ್ಲ. ಅಜ್ಜಿ ಹಾಡಿದ ಸೋಬಾನೆ ಪದಗಳ ರೆಕಾರ್ಡಿಂಗ್ ಅದರಲ್ಲಿತ್ತು. ಅಜ್ಜಿ ಈಗ ಇಲ್ಲ.

ಹಾಗಾಗಿ ಡಿಸ್ಕಿನ ನಂಬರ್ ನಂಬಬೇಡಿ, ಗಾತ್ರ ನೋಡಿ. ವಿಂಡೋಸ್ ಹಾಕುವಾಗ ಹಳೇ ಡಿಸ್ಕಿನ ಕೇಬಲನ್ನೇ ಬಿಡಿಸಿಡುವುದು ಇನ್ನೂ ಒಳ್ಳೆಯದು. ಇನ್ನೊಂದು ವ್ಯತ್ಯಾಸವೂ ಗೊತ್ತಿರಲಿ. ಹೊಸ ಡ್ರೈವ್ ಇನಿಶಿಯಲೈಜ್ ಮಾಡಿ ಅಂದರೆ ಸಹಜ. ನಿನ್ನೆವರೆಗೆ ಫೋಟೋ ತೋರಿಸುತ್ತಿದ್ದ ಡ್ರೈವ್ ಇವತ್ತು ಹಾಗೆ ಕೇಳಿದರೆ ಅದು ಕಾಯಿಲೆಯ ಲಕ್ಷಣ. ಒಪ್ಪಿಗೆ ಒತ್ತದೆ, ಬಿಡಿಸಿಟ್ಟು ತಿಳಿದವರಿಗೆ ತೋರಿಸಿ.

ವಿಂಡೋಸ್ ಹಾಕುವಾಗ

ಇಲ್ಲಿ ನೀವು ಪೋಡಿ ಮಾಡುವ ಕೆಲಸವೇ ಇಲ್ಲ. ಪೆನ್‌ಡ್ರೈವಿನಿಂದ ಶುರು ಮಾಡಿ, ಎಲ್ಲಿಗೆ ಹಾಕಬೇಕು ಎಂದು ಕೇಳಿದಾಗ ಅನ್‌ಅಲೊಕೇಟೆಡ್ ಜಾಗ ತೋರಿಸಿ ಮುಂದಕ್ಕೆ ಹೋಗಿ. ತನಗೆ ಬೇಕಾದ ಸಣ್ಣ ತುಂಡುಗಳನ್ನು ವಿಂಡೋಸ್ ತಾನೇ ಮಾಡಿಕೊಳ್ಳುತ್ತದೆ. ಹಳೇ ಡಿಸ್ಕ್ ಬಿಡಿಸಿಡಲು ಹೇಳಿದ್ದಕ್ಕೆ ಎರಡನೇ ಕಾರಣ ಇಲ್ಲಿದೆ. ಅದು ಒಳಗೇ ಇದ್ದರೆ ಶುರುವಾಗುವ ಕಡತಗಳನ್ನು ವಿಂಡೋಸ್ ಅದರಲ್ಲೇ ಇಟ್ಟುಬಿಡಬಹುದು. ಆಮೇಲೆ ಹಳೆಯದನ್ನು ತೆಗೆದ ದಿನ ಹೊಸದೂ ಏಳುವುದಿಲ್ಲ.

ಪಟ್ಟಿಯಲ್ಲಿ ಡಿಸ್ಕೇ ಇಲ್ಲ ಎಂದಾದರೆ ಹೆದರಬೇಡಿ. ಇಂಟೆಲ್ 11ನೇ ತಲೆಮಾರಿನಿಂದ ಈಚೆಗೆ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕನ್ನು ನಿಭಾಯಿಸುವ ವಿಎಂಡಿ ಎಂಬ ವ್ಯವಸ್ಥೆ ಇದೆ. ಅದರ ಡ್ರೈವರನ್ನು, ಅಂದರೆ ಅದನ್ನು ವಿಂಡೋಸ್‌ಗೆ ಪರಿಚಯಿಸುವ ಪುಟ್ಟ ತಂತ್ರಾಂಶವನ್ನು, ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಿಂದ ಪೆನ್‌ಡ್ರೈವಿಗೆ ಹಾಕಿ, ಲೋಡ್ ಡ್ರೈವರ್ ಒತ್ತಿ ತೋರಿಸಿದರೆ ಡಿಸ್ಕ್ ಕಾಣುತ್ತದೆ.

ನಡುವೆ ಕರೆಂಟ್ ಹೋದರೆ? ಬ್ಯಾಟರಿ ಗಟ್ಟಿ ಇದ್ದರೆ ಯೋಚನೆ ಇಲ್ಲ. ಬ್ಯಾಟರಿಯೂ ಸತ್ತು ಅರ್ಧಕ್ಕೆ ನಿಂತರೆ ಸಾಮಾನ್ಯವಾಗಿ ಮತ್ತೆ ಮೊದಲಿನಿಂದ ಹಾಕಿದರಾಯಿತು. ಬಯಾಸ್ ಅಪ್‌ಡೇಟ್ ಮಾತ್ರ ಗುಡುಗು ಮಿಂಚಿನ ದಿನ ಮಾಡಲೇಬೇಡಿ. ಅದು ಅರ್ಧಕ್ಕೆ ನಿಂತರೆ ಲ್ಯಾಪ್‌ಟಾಪೇ ಏಳದಿರಬಹುದು.

ಹಳೆಯದನ್ನೇ ಇದ್ದ ಹಾಗೆ ಹೊಸದಕ್ಕೆ ಇಳಿಸುವ ಕ್ಲೋನಿಂಗ್ ದಾರಿಯೂ ಇದೆ. ಕ್ಲೋನ್‌ಜಿಲ್ಲಾ ಎಂಬ ಉಚಿತ ತಂತ್ರಾಂಶ ಅದನ್ನು ಮಾಡುತ್ತದೆ. ಐದು ವರ್ಷದ ಕಸವೂ ಜೊತೆಗೇ ಬರುತ್ತದೆ, ಹಾಗಾಗಿ ನಾನು ಹೊಸದಾಗಿ ಹಾಕುವುದನ್ನೇ ಹೇಳುತ್ತೇನೆ.

ಹಳೇ ಡಿಸ್ಕ್ ಎಲ್ಲಿಗೆ

ಹೊಸ ವಿಂಡೋಸ್ ಎದ್ದ ಮೇಲೆ ಹಳೆಯದರ ಕೇಬಲ್ ಮತ್ತೆ ಹಚ್ಚಬಹುದು. ಒಂದೆರಡು ತಿಂಗಳು ಅದನ್ನು ಒರೆಸದೆ ಹಾಗೇ ಬಿಡಿ, ಮರೆತ ಕಡತ ಒಂದಾದರೂ ಸಿಗುತ್ತದೆ. ಹೊರಗೆ ತೆಗೆದರೆ ಯುಎಸ್‌ಬಿ ಕೇಸ್ ಒಳಗೆ ಹಾಕಿ ಬ್ಯಾಕಪ್‌ಗೆ ಬಳಸಬಹುದು. ಎಸ್‌ಎಸ್‌ಡಿಗೆ ಮದುವೆ ಫೋಟೋ ತುಂಬಿ ಬೀರುವಿನಲ್ಲಿ ವರ್ಷಗಟ್ಟಲೆ ಇಡುವುದಕ್ಕಿಂತ ಇದು ವಾಸಿ. ಕರೆಂಟ್ ಸೋಂಕದೆ ಬಹಳ ವರ್ಷ ಬಿಟ್ಟರೆ ಭರಣಿಯೊಳಗಿನದ್ದು ಮೆಲ್ಲಗೆ ಸೋರುತ್ತದೆ. ಹಾರ್ಡ್ ಡಿಸ್ಕನ್ನೂ ಒಣ ಡಬ್ಬಿಯಲ್ಲಿಟ್ಟು ವರ್ಷಕ್ಕೆ ಒಂದೆರಡು ಸಲ ಹಚ್ಚಿ ನೋಡಿ. ಬೇರೆಯವರಿಗೆ ಕೊಡುವುದಾದರೆ ಆಗ ಮಾತ್ರ ಫುಲ್ ಫಾರ್ಮ್ಯಾಟ್ ಮಾಡಿ ಕೊಡಿ.

ಭಾವ ಅವತ್ತು ಫೋನಿನಲ್ಲಿ ಮಾತಾಡುತ್ತಲೇ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರು. ಕಪ್ಪು ಪಟ್ಟಿ ಕಂಡಿತು, 465 ಜಿಬಿ. "ಇದೆ ಮಾರಾಯ, ಇದೆ" ಅಂದರು. ಫಾರ್ಮ್ಯಾಟ್ ಮಾಡುವ ಮೊದಲು ಗಾತ್ರವನ್ನು ಎರಡು ಸಲ ಓದಿ ಹೇಳಿಸಿದೆ.